ಹಾಡಿನ ಸ್ಪರ್ಧೆಗೆ ಪಕ್ಷದ ಬಣ್ಣ ಬಂದಾಗ

ಪತ್ರಿಕೆಗೆ ಹೊಸದಾಗಿ ಸೇರುವವರು ಯಾರೂ ಟಿ.ವಿ. ಪುಟವನ್ನು ಕೇಳಿ ಪಡೆಯುವುದಿಲ್ಲ. ಅಪರಾಧ ಸುದ್ದಿ ಬೇಕು, ರಾಜಕೀಯ ಬೇಕು, ಆಗದಿದ್ದರೆ ಕ್ರೀಡೆಯಾದರೂ ಇರಲಿ ಎನ್ನುತ್ತಾರೆ. ನಾನೂ ಕೇಳಿ ಪಡೆದದ್ದಲ್ಲ. ಚಿತ್ರದುರ್ಗದಿಂದ ಹೊರಡುವ ನಮ್ಮ ಜಿಲ್ಲಾ ದಿನಪತ್ರಿಕೆಗೆ ನಾನು ಉಪಸಂಪಾದಕಿಯಾಗಿ ಸೇರಿದಾಗ ಸಂಪಾದಕೀಯ ವಿಭಾಗದಲ್ಲಿದ್ದ ಹೆಂಗಸು ನಾನೊಬ್ಬಳೇ. “ಧಾರಾವಾಹಿ ನೋಡೋರು ಹೆಂಗಸ್ರು, ಬರೆಯೋರೂ ಹೆಂಗಸ್ರೇ ಇರ್ಲಿ” ಎಂದು ಆಗಿನ ಸುದ್ದಿ ಸಂಪಾದಕರು ಆ ಪುಟವನ್ನು ನನ್ನ ಮೇಜಿಗೆ ಸರಿಸಿದರು. ಆಗ ನನ್ನ ಮನೆಯಲ್ಲಿ ಟಿ.ವಿ. ಇರಲಿಲ್ಲ. ಸಂಜೆ ಎದುರು ಮನೆಗೆ ಹೋಗಿ, ಅವರ ಮನೆಯ ಹೆಂಗಸರ ಜೊತೆ ಚಾಪೆಯ ಮೇಲೆ ಕೂತು ನೋಡಿ ಬಂದು ಬರೆಯುತ್ತಿದ್ದೆ.

ನಿವೃತ್ತಿಯಾಗುವವರೆಗೂ ಆ ಪುಟ ನನ್ನನ್ನು ಬಿಡಲಿಲ್ಲ. ಮೊದಮೊದಲು ವಾಹಿನಿಗಳಿಂದ ಫೋಟೋಗಳು ಅಂಚೆ ಲಕೋಟೆಯಲ್ಲಿ ಬರುತ್ತಿದ್ದವು. ಮಳೆಗಾಲದಲ್ಲಿ ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ನಾಯಕಿಯ ಮುಖ ಖಳನಾಯಕನ ಬೆನ್ನಿಗೆ ಹೋಗುತ್ತಿತ್ತು. ಆಮೇಲೆ ಸಿ.ಡಿ. ಬಂತು, ಇ-ಮೇಲ್ ಬಂತು, ಕೊನೆಗೆ ಎಲ್ಲವೂ ವಾಟ್ಸ್‌ಆ್ಯಪ್‌ಗೆ ಬಂತು. ಓದುಗರ ದೂರುಗಳೂ ಹಾಗೆಯೇ ಬದಲಾದವು. ಒಮ್ಮೆ ಒಂದು ಧಾರಾವಾಹಿಯ ಸಮಯವನ್ನು ನಾವು ಅರ್ಧ ಗಂಟೆ ತಪ್ಪಾಗಿ ಹಾಕಿದ್ದಕ್ಕೆ ಹೊಳಲ್ಕೆರೆಯ ಒಬ್ಬ ಅಜ್ಜಿ ಮೊಮ್ಮಗಳಿಂದ ಫೋನು ಹಚ್ಚಿಸಿ, “ಮದ್ವೆ ಆಗೋದನ್ನೇ ನೋಡಾಕೆ ಬಿಡ್ಲಿಲ್ವಲ್ಲಮ್ಮ ನೀವು” ಎಂದು ಬೈದಿದ್ದರು. ಅಂಥ ಬೈಗುಳಕ್ಕೆ ಕ್ಷಮೆ ಕೇಳುವುದು ಸುಲಭ.

ಕಷ್ಟ ಶುರುವಾದದ್ದು ಹಾಡು, ನೃತ್ಯ, ಹಾಸ್ಯದ ಸ್ಪರ್ಧೆಗಳಿಗೆ ನಮ್ಮ ಕಡೆಯ ಮಕ್ಕಳು ಹೋಗತೊಡಗಿದ ಮೇಲೆ. ಗೆಲುವನ್ನು ಜನರ ಓಟು ತೀರ್ಮಾನಿಸುತ್ತದೆ ಎಂದ ಕೂಡಲೇ ಊರಿನ ಓಟು ಕೇಳುವವರೂ ಅಲ್ಲಿಗೆ ಬಂದರು. ಸ್ಪರ್ಧಿಯ ಪಕ್ಕ ಮುಖಂಡರ ಫೋಟೋ ಇರುವ ಫ್ಲೆಕ್ಸ್‌ಗಳು ಸರ್ಕಲ್ಲಿಗೆ ಬಂದವು. ಒಬ್ಬ ಹುಡುಗನ ಸುದ್ದಿ ಮೂರು ಕಾಲಂ ಬಂದರೆ, ಇನ್ನೊಬ್ಬನ ಸುದ್ದಿ ಎರಡೇ ಕಾಲಂ ಯಾಕೆ ಎಂದು ಫೋನು. ಹೊಳಲ್ಕೆರೆಯಿಂದ ಒಬ್ಬ ಪಕ್ಷದ ಕಾರ್ಯಕರ್ತರು ಹದಿನೈದು ದಿನದ ಪತ್ರಿಕೆ ಹೊತ್ತುಕೊಂಡು ಬಂದು, ಶಾಲೆಯ ಸ್ಕೇಲ್ ಇಟ್ಟು ನನ್ನೆದುರೇ ಫೋಟೋಗಳನ್ನು ಅಳೆದು ತೋರಿಸಿದ್ದರು. ಅವರ ಅಳತೆ ತಪ್ಪಿರಲಿಲ್ಲ. ಅವರ ಕಡೆಯ ಹುಡುಗನ ಫೋಟೋ ಚಿಕ್ಕದಾಗಿದ್ದಕ್ಕೆ ಕಾರಣ, ವಾಹಿನಿಯವರು ಕಳಿಸಿದ್ದೇ ಅಷ್ಟು ಮಸುಕಾದ ಫೋಟೋ. ಹೇಳಿದೆ. “ಅದ್ನೆಲ್ಲ ನಾವು ನಂಬಬೇಕಾ ಮೇಡಂ?” ಎಂದು ಸ್ಕೇಲನ್ನು ಜೇಬಿಗೆ ಹಾಕಿಕೊಂಡು ಎದ್ದು ಹೋದರು.

ಆಗಿನ ಸಂಪಾದಕರು ಪರಮೇಶ್ವರಪ್ಪನವರು. ಶಾಂತ ಸ್ವಭಾವದವರು, ಶೀರ್ಷಿಕೆ ಕಟ್ಟುವುದರಲ್ಲಿ ನಿಪುಣರು, ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು. ಇಂಥ ದೂರು ಬಂದಾಗಲೆಲ್ಲ, “ಇವ್ರೂ ಬೈತಾರೆ, ಅವ್ರೂ ಬೈತಾರೆ ಅಂದ್ರೆ ನಾವು ನಡುವೆ ಇದೀವಿ ಅಂತ ಅರ್ಥ ಸರೋಜಮ್ಮ” ಎನ್ನುತ್ತಿದ್ದರು. ನನಗೂ ಆ ಮಾತು ಸಮಾಧಾನ ಕೊಡುತ್ತಿತ್ತು. ರಂಜಿತಾಳ ಪ್ರಕರಣವಾದ ಮೇಲೆ ಅವರು ಆ ಮಾತು ಆಡಿದ್ದನ್ನು ನಾನು ಕೇಳಲಿಲ್ಲ.

ರಂಜಿತಾ ಧರ್ಮಪುರದ ಕಡೆಯ ಒಂದು ಹಟ್ಟಿಯವಳು. ತಂದೆ ಜುಂಜಣ್ಣ ಕುರಿ ಸಾಕುವವನು, ಜೊತೆಗೆ ಒಂದಷ್ಟು ಶೇಂಗಾ ಬೆಳೆಯುತ್ತಿದ್ದ. ಹುಡುಗಿ ಹಿರಿಯೂರಿನಲ್ಲಿ ಪದವಿ ಓದುತ್ತ, ಕಾಲೇಜು ಮುಗಿದ ಮೇಲೆ ಅಲ್ಲೇ ಒಬ್ಬ ಮೇಷ್ಟ್ರ ಬಳಿ ಸಂಗೀತ ಕಲಿತಳು. ಒಂದು ವಾಹಿನಿಯ ಹಾಡಿನ ಸ್ಪರ್ಧೆಗೆ ಆಯ್ಕೆಯಾದಳು. ಎತ್ತರದ ದನಿ, ಅಂಜದ ಕಣ್ಣು. ನಮ್ಮ ಜಿಲ್ಲೆಯ ಮನೆಮನೆಯಲ್ಲೂ ಅವಳ ಹಾಡು ಕೇಳುತ್ತಿದ್ದರು. ನಾನು ನನ್ನ ಪುಟದಲ್ಲಿ ವಾರಕ್ಕೊಮ್ಮೆ ಬರೆಯುತ್ತಿದ್ದೆ.

ಒಂದು ವಾರ ನಿರೂಪಕಿ ಅವಳನ್ನು, ಇಲ್ಲಿಯವರೆಗೆ ಬರಲು ಯಾರು ಕಾರಣ ಎಂದು ಕೇಳಿದಳು. ಅಪ್ಪ, ಅವ್ವ, ಸಂಗೀತದ ಮೇಷ್ಟ್ರು ಎಂದು ಹೇಳಿ ರಂಜಿತಾ ಕೊನೆಗೆ, “ಬಸ್ಸಿನೋರ ಉಪಕಾರ ಸಾಯೋತನಕ ಮರೆಯಲ್ಲ. ಅವ್ರು ಇಲ್ದಿದ್ರೆ ನಾನು ಇಲ್ಲಿ ನಿಂತಿರ್ತಿರ್ಲಿಲ್ಲ” ಎಂದಳು. ಸಭಿಕರು ಚಪ್ಪಾಳೆ ತಟ್ಟಿದರು. ಅಷ್ಟೇ ತೋರಿಸಿ ವಾಹಿನಿಯವರು ಹಾಡಿಗೆ ಹೋದರು.

ಮರುದಿನ ಬೆಳಿಗ್ಗೆ ಆ ತುಣುಕು ಎಲ್ಲರ ಮೊಬೈಲ್‌ನಲ್ಲಿತ್ತು. ಹಿರಿಯೂರಿನಿಂದ ಧರ್ಮಪುರದ ದಾರಿಗೆ ಬಸ್ಸಿನ ಪರ್ಮಿಟ್ ಕೊಡಿಸಿ, ಮೊದಲ ದಿನ ಬಸ್ಸಿಗೆ ಹಸಿರು ಬಾವುಟ ತೋರಿಸಿದ್ದವರು ಒಂದು ಪಕ್ಷದ ಸ್ಥಳೀಯ ಮುಖಂಡರು. ಚುನಾವಣೆ ಹತ್ತಿರವಿತ್ತು. ಹುಡುಗಿ ನೆನೆದದ್ದು ತಮ್ಮನ್ನೇ ಎಂದು ಅವರು ಹೇಳಿಕೆ ಕೊಟ್ಟರು. ನಮ್ಮ ಹಿರಿಯೂರು ವರದಿಗಾರ ಅದನ್ನು ಹಾಗೇ ಕಳಿಸಿದ. ಸಿನಿಮಾ, ಟಿ.ವಿ. ಎಂದು ನನ್ನ ಪುಟಕ್ಕೆ ಬರಬೇಕಿದ್ದ ಸುದ್ದಿ ಮುಖಪುಟಕ್ಕೆ ಹೋಯಿತು. “ನಾಯಕರ ಬಸ್ಸು ಹತ್ತಿ ಬಂದ ಗಾಯಕಿ” ಎಂಬ ಶೀರ್ಷಿಕೆಯನ್ನು ಪರಮೇಶ್ವರಪ್ಪನವರೇ ಕೊಟ್ಟಿದ್ದರು. ನಾನು ನೋಡಿದ್ದು ಬೆಳಿಗ್ಗೆ, ಪತ್ರಿಕೆ ಮನೆಗೆ ಬಂದಾಗ.

ಅಂದಿನಿಂದ ಎರಡು ಕಡೆಯಿಂದಲೂ ಫೋನುಗಳು. ಮುಖಂಡರ ಎದುರಾಳಿಗಳು, “ಹಾಡಿನ ನೆಪದಾಗೆ ಪ್ರಚಾರ ಮಾಡ್ತಿದೀರಾ?” ಎಂದರು. ಮುಖಂಡರ ಕಡೆಯವರು, ಸುದ್ದಿ ಹಾಕಿದಿರಿ ಸರಿ, ಆದರೆ ಅವಳಿಗೆ ಓಟು ಹಾಕಿ ಎಂದು ಸಾಹೇಬರು ಕರೆ ಕೊಟ್ಟದ್ದನ್ನು ಒಳಪುಟಕ್ಕೆ ತಳ್ಳಿದ್ದು ಯಾಕೆ ಎಂದರು. ಅವಳಿಗೆ ಓಟು ಹಾಕಬೇಡಿ ಎಂಬ ಸಂದೇಶ ಒಂದು ಕಡೆಯಿಂದ, ಹಾಕದವರು ಜಿಲ್ಲೆಯ ದ್ರೋಹಿಗಳು ಎಂಬುದು ಇನ್ನೊಂದು ಕಡೆಯಿಂದ ಹರಿದಾಡಿತು. ಹುಡುಗಿಗೆ ಇದೊಂದೂ ಗೊತ್ತಿರಲಿಲ್ಲ. ಸ್ಪರ್ಧೆ ನಡೆಯುವಷ್ಟು ದಿನ ಸ್ಪರ್ಧಿಗಳ ಕೈಗೆ ಫೋನು ಕೊಡುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ, ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಮನುಷ್ಯ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ.

“ರಂಜಿತಾನ ಸುದ್ದಿ ಬರೆದೋರು ಯಾರಮ್ಮ?”

ಜುಂಜಣ್ಣನೇ ಎಂದು ನನಗೆ ಗೊತ್ತಾಯಿತು. ಮಗಳ ಮುಖವೇ. ಒಳಗೆ ಸಂಪಾದಕರ ಕೋಣೆಗೆ ಕರೆದುಕೊಂಡು ಹೋದೆ.

“ಬರ್ರಿ ಯಜಮಾನ್ರೆ, ಕುಂತ್ಕಳ್ರಿ” ಎಂದರು ಪರಮೇಶ್ವರಪ್ಪ.

ಜುಂಜಣ್ಣ ಕೂತ. ನೀರು ಕುಡಿದ. ಆಮೇಲೆ ದನಿ ಏರಿಸದೆ ಕೇಳಿದ: “ನನ್ನ ಮಗ್ಳು ಯಾವ ಲೀಡರ್ ಹೆಸ್ರೂ ಹೇಳಿಲ್ಲ ಸ್ವಾಮಿ. ನಂಗೆ ಓದಾಕೆ ಬರಲ್ಲ, ಆದ್ರೆ ಕಿವಿ ಕೇಳ್ತಾವೆ. ಟಿ.ವಿ.ಯಾಗೆ ನಾನೂ ಕೇಳಿದೀನಿ. ನೀವು ಹೆಂಗೆ ಬರೆದ್ರಿ?”

“ನಾವು ಹೇಳಿದ್ದಲ್ಲ, ಮುಖಂಡರು ಹೇಳಿದಾರೆ ಅಂತಲೇ ಹಾಕಿದೀವಿ” ಎಂದರು ಸಂಪಾದಕರು. ಹೇಳುವಾಗಲೇ ಅವರ ದನಿ ಇಳಿದದ್ದು ನನಗೆ ಕೇಳಿಸಿತು. ಶೀರ್ಷಿಕೆಯಲ್ಲಿ ‘ಎಂದರು’ ಎಂಬುದು ಇರಲಿಲ್ಲ.

ಜುಂಜಣ್ಣ ಊರಿನಲ್ಲಿ ಆದದ್ದನ್ನು ಹೇಳಿದ. ಸುಗ್ಗಿ ಮುಗಿದ ಮೇಲೆ ರೈತರು ತಮ್ಮ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ರಾತ್ರಿ ಮಂದೆ ಮಲಗಿದ ನೆಲಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆ, ಕುರಿಯವರಿಗೆ ಅದಕ್ಕೆ ಕಾಳು ಸಿಗುತ್ತದೆ. ಹಟ್ಟಿಯ ಸುತ್ತಲಿನ ದೊಡ್ಡ ಹೊಲಗಳವರು ಹೆಚ್ಚಿನವರು ಆ ಮುಖಂಡರ ಎದುರು ಪಕ್ಷದವರು. ಸುದ್ದಿ ಬಂದ ಮೇಲೆ ಒಬ್ಬೊಬ್ಬರೇ ಜುಂಜಣ್ಣನಿಗೆ ಮಂದೆ ಬೇಡ ಎಂದರು. ಒಬ್ಬ ತನ್ನ ಬೋರಿನ ತೊಟ್ಟಿಯಲ್ಲಿ ಕುರಿಗೆ ನೀರು ಕುಡಿಸಬೇಡ ಎಂದ.

“ನಮ್ಮಪ್ಪನ ಕಾಲದಿಂದ್ಲೂ ಆ ಹೊಲದಾಗೆ ನಮ್ಮ ಕುರಿ ಮಲಗ್ಯಾವೆ. ನಿಮ್ಮ ಲೀಡರ್ ಹೊಲದಾಗೇ ಮಲಗಿಸ್ಕೋ ಹೋಗು ಅಂತಾರೆ. ನನಗ್ಯಾವ ಲೀಡರ್ ಸ್ವಾಮಿ?”

“ಹಂಗಾದ್ರೆ ಬಸ್ಸಿನೋರು ಅಂದ್ರೆ ಯಾರು ಜುಂಜಣ್ಣಾ?” ಎಂದು ನಾನು ಕೇಳಿದೆ.

ಆತ ನನ್ನನ್ನು ಅಚ್ಚರಿಯಿಂದ ನೋಡಿದ. “ಬಸ್ಸಿನೋರು ಅಂದ್ರೆ ಬಸ್ಸಿನೋರೇ ಕಣಮ್ಮ. ಡ್ರೈವರ್ರು.”

ಸಂಗೀತದ ಪಾಠ ಮುಗಿಯುವ ಹೊತ್ತಿಗೆ ಹಿರಿಯೂರಿನಿಂದ ಧರ್ಮಪುರದ ಕಡೆಗೆ ಇದ್ದದ್ದು ಒಂದೇ ಬಸ್ಸು, ಖಾಸಗಿಯದು. ಪಾಠ ಸ್ವಲ್ಪ ತಡವಾದರೂ ಆ ಬಸ್ಸಿನ ಚಾಲಕರು ರಂಜಿತಾ ಬರುವವರೆಗೆ ಕಾಯುತ್ತಿದ್ದರು. ದೊಡ್ಡ ರಸ್ತೆಯಲ್ಲಿ ಇಳಿಸದೆ, ಹಟ್ಟಿಯ ತಿರುವಿನಲ್ಲಿ ನಿಲ್ಲಿಸಿ, ಕರೆದೊಯ್ಯಲು ಅಪ್ಪನೋ ಅವ್ವನೋ ಬಂದಿದ್ದಾರೆಯೇ ಎಂದು ನೋಡಿ ಆಮೇಲೆ ಬಸ್ಸು ಬಿಡುತ್ತಿದ್ದರು. ಯಾರೂ ಬಂದಿರದಿದ್ದರೆ ದೀಪ ಹಾಕಿಕೊಂಡು ನಿಂತಿರುತ್ತಿದ್ದರು. ಅವರು ಹಾಗೆ ಮಾಡದಿದ್ದರೆ ಹುಡುಗಿಯನ್ನು ಪಾಠಕ್ಕೆ ಕಳಿಸುವ ಧೈರ್ಯ ತನಗೆ ಇರುತ್ತಿರಲಿಲ್ಲ ಎಂದ ಜುಂಜಣ್ಣ.

ಇದನ್ನು ಯಾರೂ ಕೇಳಿರಲಿಲ್ಲ. ಅಷ್ಟು ದಿನ, ಅಷ್ಟು ಪತ್ರಿಕೆಗಳು, ಅಷ್ಟು ಯೂಟ್ಯೂಬ್‌ನವರು ಅದೇ ತುಣುಕನ್ನು ತಿರುಗಿಸಿ ಮುರುಗಿಸಿ ತೋರಿಸಿದ್ದರು. ಹಟ್ಟಿಗೆ ಹೋಗಿ ಒಂದು ಮಾತು ಕೇಳಿದವರಿಲ್ಲ.

ಜುಂಜಣ್ಣ ಹೋದ ಮೇಲೆ ಪರಮೇಶ್ವರಪ್ಪ ಆ ಸುದ್ದಿಯ ಪತ್ರಿಕೆ ತರಿಸಿ ತಮ್ಮ ಶೀರ್ಷಿಕೆಯನ್ನು ಮತ್ತೊಮ್ಮೆ ಓದಿದರು. ಆಮೇಲೆ, “ಆ ಡ್ರೈವರ್‌ನ ಮಾತಾಡಿಸಿ ಬನ್ನಿ ಸರೋಜಮ್ಮ. ವರದಿಗಾರ ಬೇಡ, ನೀವೇ ಹೋಗಿ” ಎಂದರು.

ಮರುದಿನ ಸಂಜೆ ಹಿರಿಯೂರಿನ ನಿಲ್ದಾಣದಲ್ಲಿ ಅವರನ್ನು ಹುಡುಕಿದೆ. ಐವತ್ತರ ಆಸುಪಾಸಿನ ಮನುಷ್ಯ, ಬಸ್ಸಿನ ಮುಂದಿನ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ನಾನು ಬಂದ ಕಾರಣ ಹೇಳಿದೆ. ಅವರು ಬಟ್ಟೆ ಹಿಂಡಿ ಕಿಟಕಿಗೆ ನೇತುಹಾಕಿ, “ಹತ್ತ್ರಿ, ಹೋಗ್ತಾ ಮಾತಾಡಾಣ” ಎಂದರು. ಚಾಲಕರ ಹಿಂದಿನ ಸೀಟಿನಲ್ಲಿ ಕೂತೆ.

ಜುಂಜಣ್ಣ ಹೇಳಿದ್ದನ್ನೆಲ್ಲ ಅವರು ಒಪ್ಪಿಕೊಂಡರು. “ಅದ್ರಾಗೆ ಏನೈತೆ ಮೇಡಂ? ನಮ್ಮನೇಲೂ ಹೆಣ್ಮಕ್ಳು ಅವೆ” ಎಂದರು. ಆದರೆ ನಾನು ಪೆನ್ನು ತೆಗೆದು ಹೆಸರು ಬರೆದುಕೊಳ್ಳಲು ಹೋದಾಗ ಕನ್ನಡಿಯಲ್ಲೇ ನನ್ನನ್ನು ನೋಡಿ ತಲೆಯಾಡಿಸಿದರು.

“ಹೆಸರು ಬ್ಯಾಡ.”

“ನಿಮಗೆ ಒಳ್ಳೆಯ ಹೆಸರೇ ಬರುತ್ತೆ. ಆ ಮನೆಯವರ ಮೇಲಿನ ಅಪವಾದವೂ ಹೋಗುತ್ತೆ.”

“ಇವತ್ತು ಆ ಎರಡು ಪಾರ್ಟಿಯೋರ ಜಗಳ ಮೇಡಂ. ನಾಡಿದ್ದು ಮುಗೀತೈತೆ. ನನ್ನ ಹೆಸ್ರು ಬಂತು ಅಂದ್ರೆ ಅದು ಧರ್ಮದ ಜಗಳ ಆಗ್ತೈತೆ. ಆ ಹುಡುಗಿ ಅಂಥೋರ ಬಸ್ಸಾಗೆ ಯಾಕೆ ಬರ್ತಿದ್ಲು, ಅವ್ನು ಯಾಕೆ ಕಾಯ್ತಿದ್ದ ಅಂತಾರೆ. ಅದು ಮುಗಿಯಾಕಿಲ್ಲ.” ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದರು: “ನನ್ನ ಮಾತಿರ್ಲಿ. ಆ ಮಗೂಗೆ ಮದ್ವೆ ಆಗ್ಬೇಕು ಮೇಡಂ.”

ಪೆನ್ನಿನ ಮುಚ್ಚಳ ಹಾಕಿದೆ. ಇಷ್ಟು ವರ್ಷ ಪತ್ರಿಕೆಯಲ್ಲಿ ದುಡಿದವಳು ನಾನು. ಹೆಸರು ಹಾಕಿದರೆ ಸುದ್ದಿ ಗಟ್ಟಿ, ಹಾಕದಿದ್ದರೆ ಪೊಳ್ಳು ಎಂದು ಕಲಿತವಳು. ಆದರೆ ಹೆಸರು ಹಾಕಿದರೆ ಏನಾಗಬಹುದು ಎಂಬುದನ್ನು ಆ ಮನುಷ್ಯ ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. ಈಗಲೂ ಬರೆಯುತ್ತಿಲ್ಲ.

ಕಚೇರಿಗೆ ಬಂದು ಸಂಪಾದಕರಿಗೆ ಎಲ್ಲವನ್ನೂ ಹೇಳಿದೆ. ಅವರು ತಾವೇ ಕೂತು ಬರೆದರು. ರಂಜಿತಾ ಯಾವ ಮುಖಂಡರ ಹೆಸರನ್ನೂ ಹೇಳಿಲ್ಲ, ಅವಳು ನೆನೆದದ್ದು ತನ್ನನ್ನು ಸುರಕ್ಷಿತವಾಗಿ ಮನೆ ಸೇರಿಸುತ್ತಿದ್ದ ಬಸ್ ಚಾಲಕರನ್ನು, ನಮ್ಮ ಶೀರ್ಷಿಕೆ ತಪ್ಪು, ಅದರಿಂದ ಆ ಕುಟುಂಬಕ್ಕೆ ತೊಂದರೆಯಾಗಿದೆ, ವಿಷಾದಿಸುತ್ತೇವೆ. ನಮ್ಮ ಕಡೆ ತಿದ್ದುಪಡಿ ಎಂದರೆ ಒಳಪುಟದ ಮೂಲೆಯಲ್ಲಿ ಬೆರಳಗಲ ಬರುವಂಥದ್ದು. ಇದನ್ನು ಅವರು ಮುಖಪುಟದ ಅದೇ ಜಾಗಕ್ಕೆ ಇಟ್ಟರು. ಪತ್ರಿಕೆಯ ಮಾಲೀಕರಿಗೆ ಸುದ್ದಿ ಹೋಗಿ ಫೋನು ಬಂತು. ನಾನು ಎದುರಿಗೇ ಇದ್ದೆ.

“ಹೌದು ಸರ್... ಚುನಾವಣೆ ಹೊತ್ತು ಅಂತ ಗೊತ್ತು... ಇಲ್ಲ ಸರ್, ತಪ್ಪು ಮುಖಪುಟದಲ್ಲಿ ಬಂದಿದೆ, ಸರಿಪಡಿಸೋದೂ ಅಲ್ಲೇ ಆಗ್ಬೇಕು. ಬೇಡ ಅಂದ್ರೆ ನಾಳೆಯಿಂದ ಬೇರೆಯವರನ್ನ ಕೂರಿಸ್ಕೊಳ್ಳಿ.” ಫೋನಿಟ್ಟು ಪುಟವನ್ನು ಅಚ್ಚಿಗೆ ಕಳಿಸಿದರು. ಆ ತಿದ್ದುಪಡಿ ಹಾಗೆಯೇ ಅಚ್ಚಾಯಿತು.

ಭಾನುವಾರ ಪರಮೇಶ್ವರಪ್ಪ ನನ್ನನ್ನು ಕರೆದುಕೊಂಡು ಹಟ್ಟಿಗೆ ಹೋದರು. ಜುಂಜಣ್ಣ ಒಂದು ಕುಂಟುವ ಮರಿಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದ. ಅವನ ಹೆಂಡತಿ ಈರಮ್ಮ ಕಂಬಳಿ ಹಾಸಿದಳು. ಸಂಪಾದಕರು ಪತ್ರಿಕೆ ಬಿಚ್ಚಿ, ತಾವು ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದರು. ಜುಂಜಣ್ಣ ಮರಿಯನ್ನು ಕೆಳಗೆ ಬಿಟ್ಟು ಕೇಳಿದ.

“ಸರಿಯಾಗೈತೆ ಸ್ವಾಮಿ” ಎಂದ. ಆಮೇಲೆ, “ಆದ್ರೆ ಇದನ್ನ ಓದಿ ಹೇಳ್ಬೇಕಾಗಿರೋದು ನನಗಲ್ಲ. ಅಗಾ ಅಲ್ಲಿ, ಟೀ ಹೋಟ್ಲು ತಾವ ಕುಂತವ್ರಲ್ಲ, ಅವ್ರಿಗೆ.”

ಪರಮೇಶ್ವರಪ್ಪ ಪತ್ರಿಕೆ ಮಡಚಿಕೊಂಡು ಎದ್ದರು. ಹಟ್ಟಿಯಿಂದ ಊರಿಗೆ ಮೂವರೂ ನಡೆದೇ ಹೋದೆವು. ಟೀ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಏಳೆಂಟು ಜನರಲ್ಲಿ ಬೋರಿನ ನೀರು ಬೇಡವೆಂದ ರೈತನೂ ಇದ್ದ. ನಮ್ಮ ಸಂಪಾದಕರು ಅವರೆದುರು ನಿಂತು, ನಾನು ಇಂಥ ಪತ್ರಿಕೆಯವನು, ನನ್ನ ತಪ್ಪು ಓದಿ ಹೇಳೋಕೆ ಬಂದಿದೀನಿ ಎಂದು ಹೇಳಿ, ಗಟ್ಟಿಯಾಗಿ ಓದಿದರು. ಸಭೆಗಳಲ್ಲಿ ಹಾರ ಹಾಕಿಸಿಕೊಂಡ ಮನುಷ್ಯ. ಬಿಸಿಲಲ್ಲಿ ಕನ್ನಡಕ ಜಾರುತ್ತಿತ್ತು, ಮತ್ತೆ ಮತ್ತೆ ಮೇಲೇರಿಸಿಕೊಳ್ಳುತ್ತಿದ್ದರು.

ಓದು ಮುಗಿದ ಮೇಲೆ ಆ ರೈತನೇ ಕೇಳಿದ: “ಡ್ರೈವರ್ ಹೆಸರೇನು ಸ್ವಾಮಿ?”

“ಹೇಳೋಕಾಗಲ್ಲಪ್ಪ. ಅವ್ರು ಬೇಡ ಅಂದಿದಾರೆ.”

“ಹೆಸ್ರಿಲ್ಲ ಅಂದ್ರೆ ಹೆಂಗೆ ನಂಬಾದು?”

ಆಗ ಜುಂಜಣ್ಣ ಹಿಂದಿನಿಂದ, “ನಿನ್ನ ಮಗ್ಳೂ ಅದೇ ಬಸ್ಸಾಗೆ ಬರ್ತಿದ್ಲಲ್ಲಪ್ಪ. ಅವಳನ್ನೇ ಕೇಳು” ಎಂದ. ಆ ಮನುಷ್ಯ ತಲೆ ತಗ್ಗಿಸಿ ಟೀ ಲೋಟ ತಿರುಗಿಸುತ್ತ ಕೂತ.

ಹೊರಗಿನ ಗದ್ದಲ ಅಷ್ಟಕ್ಕೆ ನಿಲ್ಲಲಿಲ್ಲ. ಪತ್ರಿಕೆ ತನ್ನನ್ನು ಮಾರಿಕೊಂಡಿತು ಎಂದು ಮುಖಂಡರ ಕಡೆಯವರು, ಸಿಕ್ಕಿಬಿದ್ದ ಮೇಲೆ ಡ್ರೈವರ್ ಕಥೆ ಕಟ್ಟಿದ್ದಾರೆ ಎಂದು ಎದುರಾಳಿಗಳು. ಇಬ್ಬರೂ ಬೈದರೆ ನಾವು ಸರಿ ಇದ್ದೇವೆ ಎಂಬುದು ಎಷ್ಟು ಸುಳ್ಳು ಎಂದು ನನಗೆ ಅರ್ಥವಾದದ್ದು ಆಗಲೇ. ತಪ್ಪು ಬರೆದಾಗಲೂ ಇಬ್ಬರೂ ಬೈದಿದ್ದರು, ಸರಿ ಬರೆದಾಗಲೂ ಇಬ್ಬರೂ ಬೈದರು. ಬೈಗುಳದಿಂದ ಏನೂ ತಿಳಿಯುವುದಿಲ್ಲ. ಹೋಗಿ ಕೇಳಿದ್ದೇವೆಯೇ ಎಂಬುದೊಂದೇ ನಾವು ಸರಿಯೋ ತಪ್ಪೋ ಎಂದು ತಿಳಿಸುತ್ತದೆ. ಹೊಸದಾಗಿ ಬಂದವರಿಗೆ ನಾನು ಹೇಳಬಹುದಾದದ್ದು ಇಷ್ಟೇ.

ಕೆಲವರು ಮೊಬೈಲ್ ಹಿಡಿದು ಆ ಬಸ್ಸು ಹತ್ತಿ ಚಾಲಕರನ್ನು ಹುಡುಕತೊಡಗಿದರು. ಬಸ್ಸಿನ ಮಾಲೀಕರು ಹೆದರಿ ಅವರನ್ನು ಹೊಸದುರ್ಗದಿಂದ ಮತ್ತೋಡಿಗೆ ಹೋಗುವ ತಮ್ಮ ಇನ್ನೊಂದು ಬಸ್ಸಿಗೆ ಹಾಕಿದರು. ಬಹಳ ವರ್ಷ ಓಡಿಸಿದ ದಾರಿ ಅವರಿಗೆ ತಪ್ಪಿತು. ಮನೆಯಿಂದ ದೂರವೂ ಆಯಿತು. ನಾವು ಹೆಸರು ಹಾಕಲಿಲ್ಲ, ಆದರೂ ಅವರನ್ನು ಪೂರ್ತಿ ಕಾಪಾಡಲು ಆಗಲಿಲ್ಲ. ಈ ವಿಷಯ ನನ್ನ ಮನಸ್ಸಿನಿಂದ ಹೋಗಿಲ್ಲ.

ಕೆಲವು ವಾರಗಳಲ್ಲಿ ರಂಜಿತಾ ಸ್ಪರ್ಧೆಯಿಂದ ಹೊರಬಿದ್ದಳು. ಅಂದು ನಮ್ಮ ಫೋನುಗಳಿಗೆ ಬಿಡುವಿರಲಿಲ್ಲ. ರಾಜಕೀಯ ಒತ್ತಡದಿಂದ ಹೊರಹಾಕಿದರು ಎಂದು ಬರೆಯಿರಿ ಎಂದು ಒಬ್ಬರು. ಮುಖಂಡರ ಬೆಂಬಲವಿದ್ದರೂ ಜನ ತಿರಸ್ಕರಿಸಿದರು ಎಂದು ಬರೆಯಿರಿ ಎಂದು ಇನ್ನೊಬ್ಬರು. ನಾನು ಯಾರಿಗೂ ಉತ್ತರ ಕೊಡದೆ, ಹುಡುಗಿ ಊರಿಗೆ ಬರುವುದನ್ನು ಕಾದು ಹಟ್ಟಿಗೆ ಹೋದೆ.

“ಯಾಕೆ ಹೊರಗೆ ಬಂದೆ ಅಂತ ನಿನಗನಿಸುತ್ತೆ ರಂಜಿತಾ?”

“ಎರಡನೇ ಚರಣದಾಗೆ ಶ್ರುತಿ ತಪ್ಪಿದೆ ಮೇಡಂ. ಅವತ್ತು ಉಳಿದೋರೆಲ್ಲ ನನಗಿಂತ ಚೆನ್ನಾಗಿ ಹಾಡಿದ್ರು. ಅಷ್ಟೇ ಬರೀರಿ.”

ಅಷ್ಟೇ ಬರೆದೆ. ನನ್ನ ಪುಟದಲ್ಲಿ ಒಂದು ಕಾಲಂ. ಅವಳಿಗೆ ಸನ್ಮಾನ ಮಾಡುತ್ತೇವೆಂದು ಎರಡೂ ಕಡೆಯವರು ಹೇಳಿಕಳಿಸಿದರು. ಜುಂಜಣ್ಣ ಇಬ್ಬರಿಗೂ ಬರುವುದಿಲ್ಲ ಎಂದ. ಮುಂದಿನ ಸುಗ್ಗಿಗೆ ಮಂದೆ ಬೇಡವೆಂದವರು ತಾವಾಗಿ ಬಂದು ಕರೆದರು. ಹೊಲಕ್ಕೆ ಗೊಬ್ಬರ ಬೇಕಿತ್ತು. ಯಾರೂ ಹಳೆಯ ಮಾತು ಎತ್ತಲಿಲ್ಲ, ಜುಂಜಣ್ಣನೂ ಎತ್ತಲಿಲ್ಲವಂತೆ.

ಅವಳನ್ನು ಮಾತಾಡಿಸಿದ ದಿನ ನಾನು ಹಟ್ಟಿಯಿಂದ ಹೊರಡುವಾಗ ರಂಜಿತಾ ರಸ್ತೆಯವರೆಗೆ ಬಂದು, ಡ್ರೈವರಣ್ಣ ಈಗ ಎಲ್ಲಿದ್ದಾರೆ ಎಂದು ಕೇಳಿದ್ದಳು. ಹೇಳಿದೆ. ಮುಂದಿನ ವಾರ ಅವ್ವನನ್ನು ಕರೆದುಕೊಂಡು ಹೊರಟಳು. ನಾನೂ ಹೊಸದುರ್ಗದಲ್ಲಿ ಜೊತೆಯಾದೆ. ನಿಲ್ದಾಣದಲ್ಲಿ ತೆಂಗಿನಕಾಯಿ ಚೀಲಗಳನ್ನು ಬಸ್ಸಿನ ಮೇಲೆ ಏರಿಸುತ್ತಿದ್ದರು. ಡ್ರೈವರಣ್ಣ ತಮ್ಮ ಕಡೆಯ ಬಾಗಿಲು ತೆರೆದು ಇಳಿದು ಬಂದರು. ಹುಡುಗಿ ಕಾಲಿಗೆ ಬೀಳಲು ಹೋದಳು. ಅವರು ಎರಡು ಹೆಜ್ಜೆ ಹಿಂದೆ ಸರಿದು, “ಏಯ್, ಏಳಮ್ಮ, ಜನ ನೋಡ್ತವ್ರೆ” ಎಂದರು.

“ನಾನು ಹಾಡಿದ್ದು ನೋಡಿದ್ರಾ ಅಣ್ಣ?”

“ಎಲ್ಲಿಂದ ನೋಡ್ಲಮ್ಮ? ಆ ಹೊತ್ತಿಗೆ ನನ್ನ ಟ್ರಿಪ್ಪು ಇರ್ತೈತೆ. ಒಂದು ದಿನಾನೂ ನೋಡಿಲ್ಲ.”

ನಾನು ಬೆರಗಾಗಿ ನಿಂತೆ. ಇಡೀ ಜಿಲ್ಲೆ ಯಾವ ಕಾರ್ಯಕ್ರಮಕ್ಕಾಗಿ ಹೊಡೆದಾಡಿತೋ ಅದನ್ನು ಈ ಮನುಷ್ಯ ನೋಡಿಯೇ ಇರಲಿಲ್ಲ. ರಂಜಿತಾ ಕಣ್ಣೊರೆಸಿಕೊಂಡು ನಕ್ಕಳು. “ಹಂಗಾದ್ರೆ ಮತ್ತೋಡಿನ ತನಕ ಹಾಡ್ಕೊಂಡು ಬರ್ತೀನಿ” ಎಂದು ಅವ್ವನ ಜೊತೆ ಬಸ್ಸು ಹತ್ತಿ ಅವರ ಹಿಂದಿನ ಸೀಟಿನಲ್ಲಿ ಕೂತಳು.

ಬಸ್ಸು ಹೊರಟಿತು, ನಾನು ನಿಲ್ದಾಣದಲ್ಲೇ ಉಳಿದೆ. ನನ್ನ ಚೀಲದಲ್ಲಿ ಮೊಬೈಲ್ ಇತ್ತು, ಫೋಟೋಗೆಂದು ಹೊರಗೆ ತೆಗೆಯಲಿಲ್ಲ. ಮರುದಿನ ನನ್ನ ಪುಟದಲ್ಲಿ ಹೊಸ ಧಾರಾವಾಹಿಯೊಂದರ ಸುದ್ದಿ ಹಾಕಿದೆ.